ಎಸ್ಕೇಪ್ ಒತ್ತಿ ಮುಂದೆ ಹೋಗಿ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇದೆ ಎಂದು ಮರಾಠಿ ಸೀಮೆಯ ಇಚಲಕರಂಜಿಯ ನಮ್ಮ ಓಣಿಯಲ್ಲಿ ಎಲ್ಲರಿಗೂ ಗೊತ್ತು. ಗಂಡ ಶಾಂತಿನಾಥನಂತೂ ಹೊಸ ಗಿರಾಕಿ ಬಂದರೆ ಮೊದಲೇ ಕಿವಿಯಲ್ಲಿ ಹೇಳಿಬಿಡುತ್ತಾನೆ: "ಶುಭಾಂಗಿ ಕೂತಾಗ ಅವಸರ ಮಾಡಬ್ಯಾಡ್ರಿ." ಇರಲಿ, ಅದು ದಿನದ ಸಿಟ್ಟು, ಚಹಾ ಕುಡಿದರೆ ಇಳಿಯುತ್ತದೆ. ಈಗ ಹೇಳಹೊರಟಿರುವುದು ಅಂಥದ್ದಲ್ಲ. ಇದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ಉಂಡ ಅನ್ನ ನನಗೆ ಮೈಗೆ ಹತ್ತಿಲ್ಲ.

ನಮ್ಮದು ಎಂಬ್ರಾಯ್ಡರಿ ಅಂಗಡಿ. ಕಂಪ್ಯೂಟರಿನಲ್ಲಿ ನಾನು ಚಿತ್ರ ಬಿಡಿಸುತ್ತೇನೆ, ಪಕ್ಕದ ಕೋಣೆಯಲ್ಲಿ ಮಶೀನು ಅದನ್ನು ದಾರದಲ್ಲಿ ಹೊಲಿಯುತ್ತದೆ. ಸೀರೆಯ ಸೆರಗು, ಶಾಲೆಯ ಬ್ಯಾಜು, ಮದುವೆಯಲ್ಲಿ ಮಾನ ಮಾಡುವ ಟಾವೆಲು, ಏನು ತಂದರೂ ಸರಿ. ಮಶೀನು ಹಳೆಯದು. ಹೊಸ ಕಂಪ್ಯೂಟರಿನ ಮಾತು ಅದಕ್ಕೆ ತಿಳಿಯುವುದಿಲ್ಲ. ಹಳೆಯ ವಿಂಡೋಸ್ ಎಕ್ಸ್‌ಪಿ ಇರುವ ಹಳೆಯ ಕಂಪ್ಯೂಟರೇ ಬೇಕು. ಜಗತ್ತೆಲ್ಲ ಅದನ್ನು ಮರೆತರೂ ನಮ್ಮಂಥ ಅಂಗಡಿಗಳು ಇವತ್ತಿಗೂ ಅದರ ಮೇಲೇ ಬದುಕುತ್ತಿವೆ.

ರತ್ನಮಾಲಾ ನನ್ನ ತಾಯಿಯ ತಂಗಿ, ನನಗೆ ಚಿಕ್ಕವ್ವ. ಹುಟ್ಟಿದ್ದು ರಾಯಬಾಗದ ಕಡೆಯ ಹಳ್ಳಿಯಲ್ಲಿ, ಕೊಟ್ಟದ್ದು ಅಕಿವಾಟಕ್ಕೆ. ಈಗ ಮಗನ ಜೊತೆ ಕೊಲ್ಹಾಪುರದಲ್ಲಿ ಇದ್ದಾಳೆ. ಕಾಯಿಪಲ್ಲೆಯವಳ ಜೊತೆ ಮರಾಠಿಯಲ್ಲಿ ಜಗಳ ಆಡಬಲ್ಲಳು, ಆದರೆ ಮರಾಠಿ ಓದಲು ಬಾರದು. ಹುಡುಗಿಯಾಗಿದ್ದಾಗ ಕಲಿತ ಕನ್ನಡ ಅಕ್ಷರ ಮಾತ್ರ ಓದುತ್ತಾಳೆ, ಅದೂ ಬೆರಳಿಟ್ಟುಕೊಂಡು, ಸಣ್ಣ ದನಿಯಲ್ಲಿ.

ಅಕಿವಾಟದ ಅವಳ ಅತ್ತೆ ತಂಗೆವ್ವ ಅನಂತ ನೋಂಪಿ ಎಂಬ ವ್ರತ ಹಿಡಿದಿದ್ದಳು. ಭಾದ್ರಪದ ಬಂತೆಂದರೆ ಉಪವಾಸ, ಪೂಜೆ, ಸಂಜೆ ಹೆಂಗಸರೆಲ್ಲ ಕೂತು ನೋಂಪಿಯ ಕತೆ ಕೇಳುವುದು. ಹದಿನಾಲ್ಕು ವರ್ಷದ ನೇಮ ತುಂಬುವ ಮೊದಲೇ ತಂಗೆವ್ವ ತೀರಿಕೊಂಡಳು. ಹಿಡಿದ ನೋಂಪಿ ಅರ್ಧಕ್ಕೆ ನಿಲ್ಲಬಾರದು ಎಂದು ಸೊಸೆ ಅದನ್ನು ತನ್ನ ತಲೆಯ ಮೇಲೆ ಹೊತ್ತುಕೊಂಡಳು. ಮೊಣಕಾಲು ನೋವು, ಸಕ್ಕರೆ ಕಾಯಿಲೆ, ಗಂಡನ ಸಾವು, ಯಾವುದಕ್ಕೂ ಬಿಡಲಿಲ್ಲ. ಈ ವರ್ಷ ಅದು ಮುಗಿಯಬೇಕು. ಮುಗಿದಾಗ ಉದ್ಯಾಪನೆ ಮಾಡಿ ಬಸದಿಗೆ ಕೆಲವು ವಸ್ತು ಕೊಡುವ ಪದ್ಧತಿ. ಅದರಲ್ಲಿ ಗ್ರಂಥ ಸುತ್ತಿಡುವ ರೇಷ್ಮೆ ಬಟ್ಟೆಯೂ ಒಂದು. ವೇಷ್ಟನ ಅನ್ನುತ್ತಾರೆ.

ಶ್ರಾವಣದಲ್ಲಿ ಚಿಕ್ಕವ್ವ ಫೋನು ಮಾಡಿದಳು.

"ಶುಭಾ, ನಿನ್ನ ಮಶೀನಿನ ಮ್ಯಾಲ ಒಂದ ಸಾಲ ಹೊಲದ ಕೊಡವ್ವಾ. 'ತಂಗೆವ್ವನ ನೋಂಪಿ ಮುಗಿಯಿತು' ಅಂತ. ಅಷ್ಟ ಸಾಕ. ನನ್ನ ಹೆಸರ ಬ್ಯಾಡ."

"ನಿಂದೂ ಹಾಕತೇನಿ ತಗೋ, ಉಪಾಸ ಮಾಡಿದಾಕಿ ನೀನು."

"ಬ್ಯಾಡಂದ್ರ ಬ್ಯಾಡ. ನೋಂಪಿ ಅತ್ತೀದು. ಕನ್ನಡದಾಗ ಹಾಕ. ನಾ ಓದಿ ನೋಡಿ ಬಸದಿಗಿ ಕೊಡತೇನಿ. ಓದಲಾರದ್ದನ್ನ ಹ್ಯಾಂಗ ಕೊಡೂದು, ಏನ ಬರದಾರ ಯಾರಿಗ ಗೊತ್ತ?"

ಇಡೀ ಜನ್ಮದಲ್ಲಿ ಅವಳು ನನ್ನಿಂದ ಕೇಳಿದ್ದು ಇದೊಂದೇ. ಹೂಂ ಅಂದೆ. ಮರುವಾರ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಕೆಟ್ಟು ಕೂತಿತು.

ನಮ್ಮ ಓಣಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ನಿಲೇಶ ಬಂದ. ಬೇರೆ ಹಾರ್ಡ್ ಡಿಸ್ಕ್ ಹಾಕಿದ, ಚೀಲದಿಂದ ಒಂದು ಸೀಡಿ ತೆಗೆದ. ಅದರ ಮೇಲೆ ಸ್ಕೆಚ್ ಪೆನ್ನಿನಲ್ಲಿ 'ಆಶಿಷ ಸ್ಪೆಶಲ್' ಎಂದು ಬರೆದಿತ್ತು. ನನಗೆ ನಗು ಬಂತು. ಆಶಿಷ ಅಂದರೆ ರತ್ನಮಾಲಾ ಚಿಕ್ಕವ್ವನ ಮಗ. ಕೊಲ್ಹಾಪುರದಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿದ್ದಾನೆ. ವಿಂಡೋಸಿನ ಅಸಲಿ ಸೀಡಿಯನ್ನು ತೆಗೆದುಕೊಂಡು, ತನಗೆ ಬೇಡವೆನಿಸಿದ್ದನ್ನು ತೆಗೆದು, ಬೇಕೆನಿಸಿದ್ದನ್ನು ಸೇರಿಸಿ, ತನ್ನದೇ ಹೆಸರಿನ ಸೀಡಿ ಮಾಡುತ್ತಾನೆ. ಹಳೆಯ ಕಂಪ್ಯೂಟರ್ ಇಟ್ಟುಕೊಂಡ ಅಂಗಡಿಗಳಿಗೆಲ್ಲ ಇವನದೇ ಸೀಡಿ. ಬೇಗ ಆಗುತ್ತದೆ, ನಡುವೆ ಏನನ್ನೂ ಕೇಳುವುದಿಲ್ಲ ಎಂದು ರಿಪೇರಿಯವರಿಗೆ ಅದರ ಮೇಲೆ ಪ್ರೀತಿ.

ಸೀಡಿ ತಿರುಗಿತು. ಮೊದಲಿಗೆ ಆಶಿಷನೇ ಬಂದ. ಕರಿ ಕನ್ನಡಕ, ಎದೆಯ ಮೇಲೆ ಕೈ ಕಟ್ಟಿದ್ದಾನೆ, ಹಿಂದೆ ರಂಕಾಳಾ ಕೆರೆ. ಆಮೇಲೆ ನೀಲಿ ಪರದೆಯ ಮೇಲೆ ಫೈಲುಗಳು ಒಂದರ ಹಿಂದೆ ಒಂದು ಓಡಿದವು. ಅರ್ಧ ದಾರಿಯಲ್ಲಿ ಎಲ್ಲ ನಿಂತಿತು. ಇಂಗ್ಲಿಷಿನಲ್ಲಿ ಬರೆದಿತ್ತು: 'ತುಂಗಾ' ಎಂಬ ಫೈಲ್ ಸಿಗುತ್ತಿಲ್ಲ. ಮತ್ತೆ ಹುಡುಕಲು ಎಂಟರ್ ಒತ್ತಿ. ಬಿಟ್ಟು ಮುಂದೆ ಹೋಗಲು ಎಸ್ಕೇಪ್ ಒತ್ತಿ.

ನಾನು ಪೂರ್ತಿ ಓದುವ ಮೊದಲೇ ನಿಲೇಶನ ಬೆರಳು ಎಸ್ಕೇಪಿನ ಮೇಲೆ ಬಿದ್ದಿತ್ತು. ಪರದೆಯ ಕಡೆ ಅವನು ನೋಡಲೂ ಇಲ್ಲ, ಮೊಬೈಲಿನಲ್ಲಿ ಕ್ರಿಕೆಟ್ ನೋಡುತ್ತಿದ್ದ.

"ಏನದು ನಿಲೇಶ?"

"ಕಾಹೀ ನಾಹೀ ವಹಿನೀ, ಏನಿಲ್ಲರಿ. ಎಲ್ಲಾರ ಮಶೀನಿನ್ಯಾಗೂ ಬರ್ತೈತ್ರಿ ಅದು. ಎಸ್ಕೇಪ್ ಒತ್ತೂದು, ಮುಂದ ಹೋಗೂದು."

ಮುಂದೆ ಹೋಯಿತು ನಿಜ. ಎಂಬ್ರಾಯ್ಡರಿಯ ಸಾಫ್ಟ್‌ವೇರ್ ಹಾಕಿದೆವು, ಮಶೀನು ಗುಡುಗುಡು ಅಂದಿತು, ನಿಲೇಶ ಚಹಾ ಕುಡಿದು ಹೋದ. ಮೊದಲ ಕೆಲಸ ಚಿಕ್ಕವ್ವನದೇ ಆಗಲಿ ಎಂದು ಕೂತೆ. ಆ ಸಾಲನ್ನು ಫೋನಿನಲ್ಲಿ ಬರೆದು ಇಟ್ಟುಕೊಂಡಿದ್ದೆ, ಕಂಪ್ಯೂಟರಿಗೆ ಹಾಕಿದೆ. ಪರದೆಯ ಮೇಲೆ ಬರೀ ಚೌಕಗಳು ಬಂದವು. ಪರದೆಯಷ್ಟೇ ಹೀಗೆ ತೋರಿಸುತ್ತಿರಬಹುದು, ಹೊಲಿದರೆ ಸರಿಯಾಗಿ ಬರಬಹುದು ಎಂದು ಒಂದು ತುಂಡು ಬಟ್ಟೆ ಸಿಕ್ಕಿಸಿ ಮಶೀನು ಬಿಟ್ಟೆ. ಮಶೀನಿಗೆ ಏನು ಗೊತ್ತು? ಕೊಟ್ಟದ್ದನ್ನು ಹೊಲಿಯಿತು. ಜರಿಯ ದಾರದಲ್ಲಿ, ಒಂದೂ ಹೊಲಿಗೆ ತಪ್ಪದೆ, ಸಾಲು ಚೌಕಗಳು. ತಂಗೆವ್ವನ ನೋಂಪಿ ಬದಲು ಖಾಲಿ ಖಾಲಿ ಡಬ್ಬಿಗಳು.

ಹೊಸ ಲ್ಯಾಪ್‌ಟಾಪಿನಿಂದ ಕನ್ನಡದ ಅಕ್ಷರಗಳನ್ನು ತಂದು ಇದರೊಳಗೆ ಹಾಕಿ ನೋಡಿದೆ. ಅಕ್ಷರ ಬಂದವು, ಆದರೆ ಒತ್ತಕ್ಷರಗಳು ಕೆಳಗೆ ಹೋಗದೆ ಪಕ್ಕದಲ್ಲಿ ಕೂತವು, ಕೊಂಬು ಒಂದು ಕಡೆ, ಅಕ್ಷರ ಒಂದು ಕಡೆ. ತಂಗೆವ್ವನನ್ನು ಯಾರೋ ಕೈಕಾಲು ಬಿಡಿಸಿ ಇಟ್ಟಂತಿತ್ತು. ಅಂದರೆ ಅಕ್ಷರ ಮಾತ್ರವಲ್ಲ, ಅವನ್ನು ಜೋಡಿಸುವ ಬುದ್ಧಿಯನ್ನೂ ಸೀಡಿಯಿಂದ ತೆಗೆದಿದ್ದಾರೆ. ಮರಾಠಿ ಹಾಕಿ ನೋಡಿದೆ. ಮುತ್ತು ಪೋಣಿಸಿದಂತೆ ಬಂತು.

ಆಗ ನನಗೆ ಮೊದಲ ಸಲ ಮೈ ಬಿಸಿಯಾಯಿತು. ಆಶಿಷನಿಗೆ ಫೋನು ಹಚ್ಚಿದೆ.

"ತಮ್ಮಾ, ನಿನ್ನ ಸೀಡಿಯಾಗ ಕನ್ನಡ ಯಾಕ ಇಲ್ಲೋ?"

"ಅಕ್ಕಾ, ನೀನೂ ನಂದs ಸೀಡಿ ಹಾಕಿದೇನ? ಮಸ್ತ ಐತಿ ಹೌದಿಲ್ಲೋ?"

"ಕನ್ನಡ ಎಲ್ಲೈತಿ ಅಂತ ಕೇಳೇನಿ."

"ಅಗಂ ಅಕ್ಕಾ, ಇಲ್ಲಿ ಕನ್ನಡ ಯಾರ ಹಾಕತಾರ? ತಗದೇನಿ. ಸೀಡಿಯಾಗ ಜಾಗಾ ಸಾಲಿದ್ದಿಲ್ಲ. ನಡಕ ನಿಲ್ಲತೈತಿ, ಎಸ್ಕೇಪ್ ಒತ್ತ, ಮುಂದ ಹೋಗ."

"ನಿಮ್ಮವ್ವನ ವೇಷ್ಟನಕ್ಕ ಬೇಕಾಗೈತಿ."

"ಮರಾಠಿಯಾಗ ಹಾಕ ಬಿಡ. ಬಸದಿಯಾಗ ಬೋರ್ಡ ಸುದ್ಧಾ ಮರಾಠಿಯಾಗs ಐತಿ. ಆಯಿಗಿ ನಾ ಹೇಳತೇನಿ. ಟೆನ್ಶನ್ ಘೇಊ ನಕೋಸ್, ಚಿಂತಿ ಬಿಡ."

ಅವ್ವನಿಗೆ ಅವನು ಆಯಿ ಅನ್ನುವುದೂ ಮರಾಠಿಯಲ್ಲೇ. ಫೋನು ಇಟ್ಟುಬಿಟ್ಟ. ಅಂಗಡಿಯಲ್ಲಿ ಗಿರಾಕಿ ಇದ್ದರಂತೆ.

ಎಷ್ಟು ಹಗುರವಾಗಿ ಅಂದ ನೋಡಿ. ತಾಯಿಯ ಹೊಟ್ಟೆಯಲ್ಲೇ ಕಲಿತು ಬಂದ ಮಾತಿನಲ್ಲಿ ಅಂದ. 'ಇಲ್ಲಿ ಕನ್ನಡ ಯಾರ ಹಾಕತಾರ' ಎಂದು ಕನ್ನಡದಲ್ಲೇ ಕೇಳಿದ. ನನಗೆ ಮರಾಠಿಯ ಮೇಲೆ ಎಳ್ಳಷ್ಟೂ ಸಿಟ್ಟಿಲ್ಲ, ಅರ್ಧ ದಿನ ನಾನೂ ಅದನ್ನೇ ಆಡುತ್ತೇನೆ. ಮರಾಠಿ ಯಾರನ್ನೂ ತೆಗೆದು ಹಾಕಿರಲಿಲ್ಲ. ತೆಗೆದವನು ನಮ್ಮ ಮನೆಯವನು.

ಗಂಡ ಸಮಾಧಾನ ಮಾಡಲು ಬಂದ. "ಅಕ್ಷರ ಕೈಲೇ ಬಿಡಿಸಿ ಹೊಲಿಯಾಕ ಬರ್ತೈತಲ್ಲ ನಿನಗ. ಹೂ ಬಿಡಸ್ತಿ, ನವಿಲ ಬಿಡಸ್ತಿ, ಇದೇನ ಕಷ್ಟ?"

ಬರುತ್ತಿತ್ತು. ಒಂದು ಮಧ್ಯಾಹ್ನದ ಕೆಲಸ. ಆದರೆ ನಾನು ಕೈಯಿಂದ ಬಿಡಿಸಿ ಕೊಟ್ಟಿದ್ದರೆ ಅದೂ ಎಸ್ಕೇಪ್ ಒತ್ತಿದಂತೆಯೇ ಆಗುತ್ತಿತ್ತು. ನಿಲೇಶ ಒತ್ತಿದ, ಊರೆಲ್ಲ ಒತ್ತಿದೆ, ನಾನೂ ಒತ್ತಿ ಸುಮ್ಮನಾಗಲೇ? ಆಗುವುದಿಲ್ಲ ಅಂದೆ. ಶಾಂತಿನಾಥ ಮಶೀನಿಗೆ ಎಣ್ಣೆ ಬಿಡುವ ನೆಪದಲ್ಲಿ ಒಳಗೆ ಹೋದ.

ಅಸಲಿ ಸೀಡಿ ಬೇಕಿತ್ತು. ಇಚಲಕರಂಜಿಯಲ್ಲಿ ಎಲ್ಲಿ ಕೇಳಿದರೂ ಆಶಿಷನ ಸೀಡಿಯನ್ನೇ ಮುಂದೆ ಹಿಡಿದರು. ಕಡೆಗೆ ಗಡಹಿಂಗ್ಲಜದ ಪರಪ್ಪನವರ ನೆನಪಾಯಿತು. ಅವರದು ಲಗ್ನಪತ್ರಿಕೆ ಹಾಕುವ ಪ್ರೆಸ್ಸು. ಮಹಾಗಾಂವ, ಕೋವಾಡದ ಕಡೆಯ ಲಿಂಗಾಯತರು ಊರಿಗೆ ಹಂಚಲು ಮರಾಠಿ ಪತ್ರಿಕೆ ಹಾಕಿಸಿದರೂ ಮನೆದೇವರ ಮುಂದೆ ಇಡಲು, ಮಠಕ್ಕೆ ಕಳಿಸಲು ಕೆಲವನ್ನು ಕನ್ನಡದಲ್ಲಿ ಹಾಕಿಸುತ್ತಾರೆ. ಹಾಗಾದರೆ ಅವರ ಕಂಪ್ಯೂಟರಿನಲ್ಲಿ ಕನ್ನಡ ಇರಲೇಬೇಕು. ಬಸ್ಸು ಹತ್ತಿದೆ.

ಪರಪ್ಪನವರು ಕಪಾಟಿನಿಂದ ಲಕೋಟೆ ತೆಗೆದರು. ಒಳಗೆ ಅಸಲಿ ಸೀಡಿ, ಗೀರಿಲ್ಲ, ಕಲೆ ಇಲ್ಲ.

"ಕಂಪ್ಯೂಟರ್ ತಗೊಂಡಾಗ ಬಂದಿದ್ದರಿ. ಇದನ್ನ ಯಾರಿಗೂ ಮುಟ್ಟಾಕ ಕೊಡೂದಿಲ್ಲ ನಾನು. ರಿಪೇರಿಯವರು ಬಂದ್ರ, ಹಳೇದು ಬಿಡ್ರಿ ಕಾಕಾ, ಆಶಿಷ ಸ್ಪೆಶಲ್ ಹಾಕತೇವಿ ಅಂತಾರ. ಒಮ್ಮಿ ಹಾಕಸ್ಕೊಂಡು ಪತ್ರಿಕಿ ತುಂಬ ಡಬ್ಬಿ ಬಂದು, ಬೀಗರು ಬಂದು ನಿಂತು, ನನ್ನ ಮಾರಿ ನೋಡೂವಂಗ ಆಗಿತ್ತು."

"ಯಾರಿಗೂ ಹೇಳಲಿಲ್ಲೇನ್ರಿ?"

"ಹೇಳಿದೆರಿ. ಎಸ್ಕೇಪ್ ಒತ್ರಿ ಅಂದ್ರು."

ಅವರ ಕಂಪ್ಯೂಟರಿನಲ್ಲೇ ಅಸಲಿ ಸೀಡಿಯನ್ನೂ ನಿಲೇಶನಿಂದ ಇಸಿದುಕೊಂಡು ಬಂದಿದ್ದ ಆಶಿಷನ ಸೀಡಿಯನ್ನೂ ತೆರೆದು ಹೋಲಿಸಿ ನೋಡಿದೆ. ತುಂಗಾ ಅಂದರೆ ಕನ್ನಡ ಅಕ್ಷರಗಳ ಫೈಲು. ಇವನು ಸೀಡಿಯಿಂದ ಅದನ್ನು ತೆಗೆದಿದ್ದ, ಆದರೆ ಏನೇನು ಹಾಕಬೇಕು ಎಂದು ಕಂಪ್ಯೂಟರ್ ಓದುವ ಪಟ್ಟಿಯಿಂದ ಅದರ ಹೆಸರು ಅಳಿಸಿರಲಿಲ್ಲ. ಮಾಸ್ತರರು ಹಾಜರಿ ಕರೆಯುತ್ತಾರೆ, ಹುಡುಗಿಯ ಹೆಸರು ಬರುತ್ತದೆ, ಹುಡುಗಿಯನ್ನು ಮಾತ್ರ ಶಾಲೆಯಿಂದ ಹೊರಗೆ ಹಾಕಿದ್ದಾರೆ. ಅದಕ್ಕೇ ಪ್ರತಿ ಸಲವೂ ಅಲ್ಲೇ ಬಂದು ನಿಲ್ಲುತ್ತಿತ್ತು. ನಮ್ಮ ಜಿಲ್ಲೆಯ ಅಂಗಡಿ ಅಂಗಡಿಯಲ್ಲಿ ಆ ಕಂಪ್ಯೂಟರ್ ನಿಂತು, ತುಂಗಾ ಎಲ್ಲಿ ಎಂದು ಕೇಳುತ್ತಿತ್ತು. ಮನುಷ್ಯರು ಯಾರೂ ಕೇಳಲಿಲ್ಲ.

ಪರಪ್ಪನವರಿಗೆ ಸೀಡಿ ವಾಪಸು ತಂದುಕೊಡುತ್ತೇನೆಂದು ಮಾತು ಕೊಟ್ಟು ಇಚಲಕರಂಜಿಗೆ ಬಂದೆ. ಆ ಸೀಡಿಯಿಂದ ನನ್ನ ಕಂಪ್ಯೂಟರನ್ನು ಅಲ್ಲೇ ಸರಿ ಮಾಡಬಹುದಿತ್ತು. ಮಾಡಲಿಲ್ಲ. ಸಿಟ್ಟು ಬಂದವಳ ಕೆಲಸವೇ ಹಾಗೆ, ಸುಲಭದ ದಾರಿ ಕಣ್ಣಿಗೆ ಕಾಣುವುದಿಲ್ಲ. ಅಂಗಡಿಯ ರಜೆಯ ದಿನ ಕಂಪ್ಯೂಟರಿನ ಡಬ್ಬಿಯನ್ನು ಹಳೆಯ ಸೀರೆಯಲ್ಲಿ ಸುತ್ತಿ, ಕೂಸಿನಂತೆ ತೊಡೆಯ ಮೇಲೆ ಇಟ್ಟುಕೊಂಡು ಕೊಲ್ಹಾಪುರದ ಬಸ್ಸಿನಲ್ಲಿ ಕೂತೆ. ಕಂಡಕ್ಟರ್ ಅದಕ್ಕೂ ಟಿಕೆಟ್ ಕೇಳಿದ. ಅವನಿಗೂ ಬೈದೆ.

ಆಶಿಷ ಅಂಗಡಿಗೆ ಹೊರಡುವ ಮೊದಲೇ ಅವನ ಮನೆ ಮುಟ್ಟಿದ್ದೆ. ಚಿಕ್ಕವ್ವ ನೆಲದ ಮೇಲೆ ಕಾಲು ಚಾಚಿ ಅವರೆಕಾಯಿ ಸುಲಿಯುತ್ತಿದ್ದಳು. ನನ್ನನ್ನು ನೋಡಿ ಮುಖ ಅರಳಿತು.

"ಹೊಲದ ತಂದೇನ ಶುಭಾ?"

ಚೀಲದಿಂದ ಚೌಕ ಹೊಲಿದ ಆ ಬಟ್ಟೆಯ ಪಟ್ಟಿ ತೆಗೆದು ಅವಳ ಕೈಗೆ ಕೊಟ್ಟೆ. ಅವಳು ಕಣ್ಣಿನ ಹತ್ತಿರ ಹಿಡಿದಳು, ದೂರ ಹಿಡಿದಳು, ಮೊದಲ ಚೌಕದ ಮೇಲೆ ಬೆರಳಿಟ್ಟಳು. ಬೆರಳು ಮುಂದೆ ಸರಿಯಲಿಲ್ಲ.

"ಇದೇನವ್ವಾ, ಖಿಡಕಿ ಹೊಲದೀ?"

"ನಿನ್ನ ಮಗನ್ನ ಕೇಳ" ಅಂದೆ.

ಆಶಿಷ ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಹೊರಗೆ ಬಂದ. "ಕಾಯ್ ಗಂ ಅಕ್ಕಾ, ಇಷ್ಟ ಮುಂಜಾನೆ?" ಎಂದು ನಕ್ಕ. ನಾನು ನಗಲಿಲ್ಲ. ಮನೆಯಲ್ಲಿದ್ದ ಅವನ ಮಾನಿಟರಿಗೆ ನನ್ನ ಡಬ್ಬಿ ಹಚ್ಚಿ, ಅವನ ಸೀಡಿಯನ್ನೇ ಅವನ ಕೈಗೆ ಕೊಟ್ಟೆ.

"ಹಾಕ. ನಿಮ್ಮವ್ವನ ಮುಂದ ಹಾಕ."

"ಅಂಗಡಿಗಿ ಹೊತ್ತಾತು ಅಕ್ಕಾ. ಹುಡುಗರನ್ನ ಕಳಸ್ತೇನಿ."

"ನೀನs ಹಾಕ. ಇಲ್ಲಂದ್ರ ನಾ ಇಲ್ಲಿಂದ ಏಳೂದಿಲ್ಲ."

ನನ್ನ ದನಿ ಕೇಳಿ ಚಿಕ್ಕವ್ವನ ಕೈಯ ಅವರೆಕಾಯಿ ಹಾಗೇ ನಿಂತಿತು. "ಅಕ್ಕ ಅಷ್ಟ ದೂರದಿಂದ ಬಂದಾಳ, ಹಾಕಿ ಹೋಗೋ" ಅಂದಳು. ಅವನು ಗೊಣಗುತ್ತ ಕೂತ. ಸೀಡಿ ತಿರುಗಿತು, ಪರದೆಯ ತುಂಬ ಅವನ ಫೋಟೋ ಬಂತು. ಚಿಕ್ಕವ್ವ ಖುಷಿಯಾಗಿ ಹತ್ತಿರ ಸರಿದಳು. ತನ್ನ ಮಗ ಕಂಪ್ಯೂಟರಿನಲ್ಲಿ ಬರುತ್ತಾನೆಂದು ಅವಳಿಗೆ ಗೊತ್ತೇ ಇರಲಿಲ್ಲ.

"ಚಂದ ಬಂದಾನ" ಅಂದಳು.

ನೀಲಿ ಪರದೆ ಬಂತು, ಫೈಲುಗಳು ಓಡಿದವು, ನಿಂತವು. ತುಂಗಾ ಸಿಗುತ್ತಿಲ್ಲ. ಆಶಿಷನ ಬೆರಳು ತನ್ನಷ್ಟಕ್ಕೆ ತಾನೇ ಎಸ್ಕೇಪಿಗೆ ಹೋಯಿತು. ನಾನು ಅವನ ಮುಂಗೈ ಹಿಡಿದೆ.

"ಮೊದಲ ಓದಿ ಹೇಳ ಅಕಿಗಿ. ಏನ ಬರದೈತಿ?"

"ಅಕ್ಕಾ, ಬಿಡ."

"ಏನಂತೈತೋ ಅದು?" ಚಿಕ್ಕವ್ವ ಕೇಳಿದಳು. ಯಂತ್ರವೂ ಒಂದು ಪ್ರಾಣಿ, ಅದಕ್ಕೂ ಏನೋ ಬೇಕಾಗಿದೆ ಎಂಬಂತೆ ಕೇಳಿದಳು.

"ಏನಿಲ್ಲ ಆಯಿ. ಒಂದ ಫೈಲ್ ಸಿಗವಲ್ದಂತ."

"ಎಂಥಾದ್ದು?"

"ಅಕ್ಷರದ್ದು."

"ಯಾವ ಅಕ್ಷರದ್ದು?"

ಅವನು ನನ್ನ ಕಡೆ ನೋಡಿದ. ನಾನು ಬೇರೆ ಕಡೆ ನೋಡಲಿಲ್ಲ.

"ಕನ್ನಡದ್ದು."

ಚಿಕ್ಕವ್ವ ಮಡಿಲಲ್ಲಿದ್ದ ಬಟ್ಟೆಯ ಪಟ್ಟಿಯನ್ನು ನೋಡಿದಳು. ಅವಳು ಓದಿದ್ದು ಕಡಿಮೆ, ದಡ್ಡಿಯಲ್ಲ.

"ಕಳದೈತೇನ?"

ಹೌದು ಅನ್ನಬಹುದಿತ್ತು. ಅವಳು ನಂಬುತ್ತಿದ್ದಳು, ನಾನೊಬ್ಬಳೇ ಕೂಗಾಡಿಕೊಂಡು ಹೋಗುತ್ತಿದ್ದೆ. ಅದೊಂದು ಮಾತಿಗೆ ಮಾತ್ರ ಅವನಿಗೆ ಒಳ್ಳೆಯದು ಹೇಳುತ್ತೇನೆ.

"ಇಲ್ಲ ಆಯಿ. ನಾನs ತಗದೇನಿ."

"ಯಾಕೋ?"

"ಸೀಡಿಯಾಗ ಜಾಗಾ ಸಾಲಿದ್ದಿಲ್ಲ."

ಚಿಕ್ಕವ್ವ ತಲೆ ಆಡಿಸಿದಳು. ಜಾಗ ಸಾಲದಿರುವುದು ಅವಳಿಗೆ ಗೊತ್ತಿಲ್ಲದ ಸಂಗತಿಯಲ್ಲ. ಅಕಿವಾಟದ ಮನೆಯಲ್ಲಿ ಬಂದವರಿಗೆಲ್ಲ ಹಾಸಿ ಕೊಟ್ಟು ತಾನು ಅಡುಗೆಮನೆಯ ಹೊಸ್ತಿಲಲ್ಲಿ ಮಲಗಿದವಳು. ಇವಳು ಇದನ್ನೂ ಒಪ್ಪಿಕೊಂಡುಬಿಡುತ್ತಾಳೆ ಅನ್ನಿಸಿತು. ಆಮೇಲೆ ಅವಳು ಕೇಳಿದಳು.

"ಭಾಳ ದೊಡ್ಡದಿತ್ತೇನಪಾ?"

ಆಶಿಷ ಅಂಗಿಯ ಕೊನೆಯ ಗುಂಡಿ ಹಾಕಿಕೊಂಡ.

"ಆಗಳೆ ನಿನ್ನ ಫೋಟೋ ಬಂತಲ್ಲ. ಅದಕ್ಕಿಂತಾ ದೊಡ್ಡದು?"

ಅವನ ಕಿವಿಯ ತುದಿ ಕೆಂಪಾಯಿತು. ಕಂಪ್ಯೂಟರಿನ ಯಾವ ಫೈಲು ಎಷ್ಟು ಜಾಗ ತಿನ್ನುತ್ತದೆ ಎಂದು ಅವನಷ್ಟು ಚೆನ್ನಾಗಿ ಕೊಲ್ಹಾಪುರದಲ್ಲಿ ಇನ್ನೊಬ್ಬನಿಗೆ ಗೊತ್ತಿರಲಿಕ್ಕಿಲ್ಲ.

"ಇಲ್ಲ ಆಯಿ," ಅಂದ. "ಫೋಟೋದಾಗಿನ ಕನ್ನಡಕದಷ್ಟೂ ಇಲ್ಲ. ಭಾಳ ಸಣ್ಣದು."

"ಹಂಗಾದ್ರ ಇರಲಿ ಅಂತ ಬಿಡಬೇಕಿತ್ತಲ್ಲೋ," ಅಂದಳು ಚಿಕ್ಕವ್ವ, "ಎಲ್ಲರೆ ಒಂದ ಮೂಲ್ಯಾಗ."

ಅಷ್ಟೇ ಅಂದಳು. ದನಿ ಏರಿಸಲಿಲ್ಲ, ಕಣ್ಣೀರು ಹಾಕಲಿಲ್ಲ, ಮತ್ತೆ ಅವರೆಕಾಯಿ ಕೈಗೆತ್ತಿಕೊಂಡಳು. ದಾರಿಯುದ್ದಕ್ಕೂ ನಾನು ಜೋಡಿಸಿಕೊಂಡು ಬಂದಿದ್ದ ಬೈಗುಳಗಳೆಲ್ಲ ನನ್ನ ಬಾಯಿಯಲ್ಲೇ ಉಳಿದವು. ಅವುಗಳಲ್ಲಿ ಒಂದೂ ಇದರ ಹತ್ತಿರ ಬರುತ್ತಿರಲಿಲ್ಲ.

ಆಶಿಷ ಎಸ್ಕೇಪ್ ಒತ್ತಲಿಲ್ಲ. ಪರದೆ ಕಾಯುತ್ತಿತ್ತು. ಆಮೇಲೆ ಹಿಂದೆ ತಿರುಗದೆ ನನ್ನ ಕಡೆ ಕೈ ಚಾಚಿದ. "ಅಕ್ಕಾ, ಅಸಲೀದು ತಂದೀ ಏನ?" ಪರಪ್ಪನವರ ಸೀಡಿ ಕೊಟ್ಟೆ. ತನ್ನದನ್ನು ಹೊರಗೆ ತೆಗೆದ, ಅದನ್ನು ಒಳಗೆ ಇಟ್ಟ, ಕಂಪ್ಯೂಟರನ್ನು ಮೊದಲಿನಿಂದ ಶುರು ಮಾಡಿದ. ಈ ಸಲ ಅವನ ಫೋಟೋ ಬರಲಿಲ್ಲ. ತುಂಗಾ ಎಂಬ ಹೆಸರು ಒಂದು ಚಣ ಪರದೆಯ ಕೆಳಗೆ ಮಿಂಚಿ, ಎಲ್ಲಿಯೂ ನಿಲ್ಲದೆ ದಾಟಿ ಹೋಯಿತು. ಅವನು ಅಂದು ಅಂಗಡಿ ತೆಗೆಯಲಿಲ್ಲ.

ಅನಂತ ಚತುರ್ದಶಿಯ ಮುಂಚಿನ ದಿನ ವೇಷ್ಟನ ಒಯ್ದು ಕೊಟ್ಟೆ. ಚಿಕ್ಕವ್ವ ಅದನ್ನು ಮೊಣಕಾಲ ಮೇಲೆ ಹರಡಿ, ಜರಿಯ ಮೇಲೆ ಬೆರಳಿಟ್ಟು, ಸಣ್ಣ ದನಿಯಲ್ಲಿ ಓದಿದಳು. ತಂಗೆವ್ವನ ಎಂಬಲ್ಲಿ ನಿಂತಳು, ಮತ್ತೆ ಮೊದಲಿನಿಂದ ಓದಿದಳು. ಆಶಿಷ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಸೀಡಿಯನ್ನು ಹೊಸದಾಗಿ ಮಾಡುತ್ತಿದ್ದೇನೆ, ಹಳೆಯದನ್ನು ಕೊಂಡವರಿಗೆಲ್ಲ ಬದಲಿ ಕೊಡುತ್ತೇನೆ ಅಂದ. ಮಾಡು ಅಂದೆ.

ಆಮೇಲೆ ಆ ಚೌಕಗಳ ಪಟ್ಟಿಯನ್ನು ಕೇಳಿದ, ಅದು ತನ್ನ ಹತ್ತಿರ ಇರಲಿ ಎಂದು. ಕೊಡಲಿಲ್ಲ. ಅದನ್ನು ನನ್ನ ಅಂಗಡಿಯಲ್ಲಿ, ಗಿರಾಕಿಗಳು ಕೂರುವ ಜಾಗದ ಎದುರಿಗೆ ಮೊಳೆ ಹೊಡೆದು ಹಾಕಿದ್ದೇನೆ. ಇದೇನು ಡಿಸೈನು ಎಂದು ಜನ ಕೇಳುತ್ತಾರೆ. ನಿಲೇಶನೂ ಕೇಳಿದ. ನೀನೇ ಒತ್ತಿದ್ದು, ನೋಡಿಕೋ ಅಂದೆ.